ಯಶೋಧಾ ಊರಿಗೆಲ್ಲ ಫೋನ್ ಹಚ್ಚಿದ ದಿನ

ಬೈಲಹೊಂಗಲದಲ್ಲಿ ನನ್ನದು ಹತ್ತಿ ವ್ಯಾಪಾರ. ಪಕ್ಕದ ಮಳಿಗೆಯಲ್ಲಿ ಯಶೋಧಾಳ ಕಂಪ್ಯೂಟರ್ ಅಂಗಡಿ. ದೇಗಾಂವದ ಹುಡುಗಿ, ಎಂಟು ವರ್ಷದಿಂದ ಲಗ್ನಪತ್ರಿಕೆ ಮಾಡುತ್ತಾಳೆ, ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾಳೆ. ನಮ್ಮ ಜನ ಅವಳೆದುರು ಕುಳಿತು ತಮ್ಮ ಪಾಸ್‌ವರ್ಡನ್ನು ಸಂತೆಯಲ್ಲಿ ಬದನೆಕಾಯಿ ಮಾರುವವರಂತೆ ಕೂಗಿ ಹೇಳುತ್ತಾರೆ. ನನ್ನ ಗಾದಿಯವರೆಗೂ ಕೇಳಿಸುತ್ತದೆ. ಅರ್ಧ ತಾಲೂಕಿನದು ಎಮ್ಮೆಯ ಹೆಸರು, ಉಳಿದರ್ಧದ್ದು ಮೊಮ್ಮಗಳದು.

ಯುಗಾದಿಯ ಹೊತ್ತಿಗೆ ಲಗ್ನದ ಸೀಜನ್. ಪತ್ರಿಕೆಗೆ ಚಂದದ ಅಕ್ಷರ ಬೇಕಿತ್ತು. ಯಾರೋ ಗಿರಾಕಿ ಪೆನ್‌ಡ್ರೈವ್‌ನಲ್ಲಿ ನೂರು ಬಗೆಯ ಕನ್ನಡ ಫಾಂಟನ್ನು ಪುಕ್ಕಟೆ ತಂದುಕೊಟ್ಟ. ಜೊತೆಗೊಂದು ಸೂಚನೆ: ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡಿ. ಈಕೆ ಮಾಡಿದಳು. ‘ಬರಾಕ ಹತ್ತೇನಿ, ನಾಯಿ ಕಟ್ಟಿಹಾಕ್ರಿ’ ಎಂದು ಕಳ್ಳ ಚೀಟಿ ಕಳಿಸಿದರೆ ಕಟ್ಟಿಹಾಕಿದಂತೆ.

ಅಕ್ಷರಗಳೇನೋ ಚಂದವೇ ಇದ್ದವು. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಿಜಗುಣಪ್ಪ ಮಾಸ್ತರರ ಇ-ಮೇಲನ್ನು ಯಾರೋ ಪರವೂರಿನಿಂದ ತೆರೆದರೆಂದು ಅವರ ಫೋನಿಗೆ ಎಚ್ಚರಿಕೆ ಬಂತು. ಮಾಸ್ತರರು ಆ ಪಾಸ್‌ವರ್ಡ್ ಒತ್ತಿದ್ದು ಯಶೋಧಾಳ ಕೀಬೋರ್ಡಿನ ಮೇಲೆ ಮಾತ್ರ.

ಸವದತ್ತಿಯಿಂದ ರಿಪೇರಿಯ ಮಾಂತೇಶ ಬಂದು ನೋಡಿದ.

“ಅಕ್ಕಾರ, ಫಾಂಟಿನ ಹೊಟ್ಟ್ಯಾಗ ಟ್ರೋಜನ್ ಬಂದು ಕುಂತೈತ್ರಿ. ನೀವು ಒತ್ತಿದ ಒಂದೊಂದ ಅಕ್ಷರಾನೂ ಬರಕೊಂಡು ಹೊರಗ ಕಳಸಾಕ ಹತ್ತೈತಿ.”

“ಹಂಗಂದ್ರ?” ಎಂದೆ ನಾನು.

“ನಿಮ್ಮ ಹತ್ತಿ ಚೀಲ ಇದ್ದಂಗ್ರಿ ಸಾವಕಾರ್ರ. ಮ್ಯಾಲ ಬೆಳ್ಳಗ, ಒಳಗ ತೂಕಕ್ಕಂತ ನೀರು ಹೊಡದಿದ್ದು.”

“ನನ್ನ ಚೀಲ ಅನಬ್ಯಾಡೋ. ನನಗ ಮಾರಾಕ ಬಂದವರ ಚೀಲ ಅನ್ನು.”

ಯಶೋಧಾ ನಗಲಿಲ್ಲ. ಗಿರಾಕಿಗಳ ಫೋನ್ ನಂಬರಿನ ವಹಿ ತೆಗೆದಳು. ಯುಗಾದಿಯಿಂದೀಚೆಗೆ ಆ ಮಷಿನ್ನಿಗೆ ಗುಟ್ಟು ಕೊಟ್ಟವರು ಅರವತ್ಮೂರು ಮಂದಿ.

“ಎಲ್ಲಾರಿಗೂ ಹೇಳತೇನಿ, ಕಾಕಾ.”

“ಹುಚ್ಚೀ! ಮಷಿನ್ ಸ್ವಚ್ಛ ಮಾಡಿಸ್ಕೊಂಡು ಸುಮ್ಮನ ಕೂಡು. ನನ್ನ ಮಾಲು ಕೆಟ್ಟೈತಿ ಅಂತ ಯಾರರ ಡಂಗುರಾ ಹೊಡಸತಾರೇನ? ನಾಳಿ ಎಲ್ಲಾರೂ ಎದುರಿನ ಕಂಪ್ಯೂಟರ್ ಅಂಗಡಿಗಿ ಹೋಗತಾರ. ನೀ ಬಾಗಲಾ ಹಾಕಬೇಕಾಕ್ಕೈತಿ.”

“ಹೋಗ್ಲಿ ಬಿಡ್ರಿ. ಗೊತ್ತಿದ್ದೂ ಸುಮ್ಮನ ಕುಂತ್ರ ನಾನೂ ಆ ಕಳ್ಳನ ಪಾಲುದಾರಳ ಆದ್ನಿ.”



ಮಾಂತೇಶ ಮಷಿನ್ನನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಲು ಕುಳಿತ. ಈ ಸಲ ಫಾಂಟೂ ರೊಕ್ಕ ಕೊಟ್ಟು ಕೊಂಡದ್ದು. ಯಶೋಧಾ ಬೆಳಗಿನಿಂದ ಫೋನ್ ಹಚ್ಚುತ್ತಲೇ ಇದ್ದಳು. ಕೆಲವರು ಬೈದರು. ಬಾಯವ್ವ ಎಂಬಾಕೆ ಮಾತ್ರ, ಪಾಸ್‌ವರ್ಡ್ ತನಗೇ ಮರೆತಿದೆ, ಕಳ್ಳ ಸಿಕ್ಕರೆ ಕೇಳಿ ತಿಳಿಸು ಎಂದಳಂತೆ.

ಮಧ್ಯಾಹ್ನ ಎಂ.ಕೆ. ಹುಬ್ಬಳ್ಳಿಯಿಂದ ಕಬ್ಬಿನ ಲಾರಿಯ ಹಣಮಂತಪ್ಪ ಮುಖ ಊದಿಸಿಕೊಂಡು ಬಂದ.

“ಏನವಾ, ನನ್ನ ಗುಟ್ಟೆಲ್ಲಾ ಪರದೇಶಕ್ಕ ಹೋತಂತ?”

“ತಪ್ಪು ನಂದ್ರೀ ಅಣ್ಣಾರ. ನಿಮ್ಮ ಫೋನಿನ್ಯಾಗ ಹೊಸಾ ಪಾಸ್‌ವರ್ಡ್ ಹಾಕ್ರಿ. ನನಗೂ ಹೇಳಬ್ಯಾಡ್ರಿ.”

ಆತ ನಮಗೆ ಬೆನ್ನು ತಿರುಗಿಸಿ, ಒಂದೇ ಬೆರಳಿನಲ್ಲಿ ಕುಟ್ಟಿ ಮುಗಿಸಿದ. ಆಮೇಲೆ ಚೀಲದಿಂದ ಮಗಳ ಅರ್ಜಿಯ ಕಾಗದ ಹೊರಗೆ ಬಂತು.

“ಮಷಿನ್ ಯಾವಾಗ ಚಾಲೂ ಆಕ್ಕೈತಿ?”

“ಸಂಜೀಕ್ರಿ. ಅವಸರ ಇದ್ರ ಎದುರಿಗೆ ತುಂಬಿಸ್ರಿ.”

“ಅವರ ಮಷಿನ್ನ್ಯಾಗ ಏನೈತಿ ಅಂತ ಅವರೇನ ಫೋನ್ ಮಾಡಿ ಹೇಳಿಲ್ಲಲಾ,” ಎಂದು ಬೆಂಚಿನ ಮೇಲೆ ಕುಳಿತ.

ಹೊತ್ತು ಮುಳುಗುವ ಮೊದಲು ಆ ಬೆಂಚಿನ ಮೇಲೆ ಇನ್ನೂ ಮೂವರು ಗಿರಾಕಿಗಳು ಒತ್ತಿಕೊಂಡು ಕುಳಿತಿದ್ದರು. ಮಾಂತೇಶ, “ಗಾಳಿ ಬಿಡ್ರಪಾ,” ಎಂದು ಗೊಣಗುತ್ತ ತಿರುಪು ಬಿಗಿಯುತ್ತಿದ್ದ.