ಅಂಡಮಾನಿಗೆ ಹೊರಡುವ ಮುಂಚೆ ಓದಿದ ಪುಸ್ತಕ

ಎಲ್ಲಿಗೆ ಹೋಗುವುದಿದ್ದರೂ ಆ ಊರಿನ ಬಗ್ಗೆ ನಾಲ್ಕು ಪುಸ್ತಕ ಓದದೆ ಜಯಶ್ರೀ ಹೊಸ್ತಿಲು ದಾಟಿದವಳಲ್ಲ. ಕುಮಟಾದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜ ಕಲಿಸುತ್ತಿದ್ದಾಳೆ. ಹಂಪಿಯಲ್ಲಿ ಗೈಡನನ್ನೇ ತಿದ್ದಿ ಗಂಡ ವಿನಾಯಕನಿಗೆ ಮುಜುಗರ ತಂದವಳು. ಈ ದಸರೆ ರಜೆಗೆ ಅಂಡಮಾನಿಗೆಂದು ಅವನು ಟಿಕೆಟ್ ಮಾಡಿಸಿದ ಮರುದಿನವೇ ಅವಳು ಪುಸ್ತಕ ಹುಡುಕಲು ಹೊರಟಳು.

ಗ್ರಂಥಾಲಯದಲ್ಲಿ ಎರಡು ಸಿಕ್ಕವು. ಒಂದು ಹವಳ, ಮೀನುಗಳದ್ದು. ಇನ್ನೊಂದು ಪ್ರವಾಸ ಕಥನ. ಮೂರನೆಯದನ್ನು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಲೆಕ್ಚರರ್ ವೆಂಕಟ್ರಮಣ ಮಾಸ್ತರರು. ದ್ವೀಪಕ್ಕೆ ಸಾಗಿಸಿದ ಕೈದಿಗಳ ಚರಿತ್ರೆ ಅದು, ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ. ಕೊನೆಯಲ್ಲಿ ಮುಂಬಯಿ ಪ್ರಾಂತದಿಂದ ಹೋದವರ ಪಟ್ಟಿಯಿತ್ತು. ನಮ್ಮ ಕಡೆಯವರು ಯಾರಾದರೂ ಇದ್ದಾರೋ ಎಂದು ಭಾನುವಾರ ಮಧ್ಯಾಹ್ನ ಅವಳು ಬೆರಳಿಟ್ಟು ಹುಡುಕತೊಡಗಿದಳು.

ಬೆರಳು ಒಂದು ಸಾಲಿನ ಮೇಲೆ ನಿಂತಿತು. ಪರಮೇಶ್ವರ ಸುಬ್ರಾಯ ಹೆಗಡೆ, ಇಡಗುಂಜಿ ಸಮೀಪ, ಹೊನ್ನಾವರ ತಾಲೂಕು. ೧೯೧೯. ಪತ್ನಿ ಗೌರಿಯ ಕೊಲೆ. ಜೀವಾವಧಿ.

ಅದು ಅವಳ ಮುತ್ತಜ್ಜನ ಹೆಸರು. ಗೌರಿ ಮುತ್ತಜ್ಜಿಯ ಹೆಸರು. ಮುತ್ತಜ್ಜ ಸನ್ಯಾಸ ತೆಗೆದುಕೊಂಡು ಕಾಶಿಗೆ ಹೋದವನು, ಆ ಕೊರಗಿನಲ್ಲೇ ಮುತ್ತಜ್ಜಿ ತೀರಿಕೊಂಡಳು ಎಂದು ಕೇಳಿ ಬೆಳೆದವಳು ಜಯಶ್ರೀ. ಊರಿನವರು ಅವಳ ತವರನ್ನು ಕರೆಯುವುದೇ ಕಾಶಿಮನೆ ಎಂದು. ಆ ಸಾಲನ್ನು ಎಷ್ಟು ಸಲ ಓದಿದಳೋ. ವಿನಾಯಕ ಚಹಾ ಕೇಳಿದ್ದು ಕಿವಿಗೆ ಬಿತ್ತು, ಏಳಲು ಆಗಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ತವರಿಗೆ ಬಸ್ಸು ಹತ್ತಿದಳು. ಅಲ್ಲಿ ಅವಳ ತಮ್ಮ ಸುಜಯನ ಸಂಸಾರದ ಜೊತೆ ಎಂಬತ್ತೇಳು ವರ್ಷದ ಸೋದರತ್ತೆ ಮಾದೇವಿ ಇದ್ದಾಳೆ. ಅತ್ತೆ ಜಗಲಿಯಲ್ಲಿ ಕೂತು ದೇವರಿಗೆ ಬತ್ತಿ ಹೊಸೆಯುತ್ತಿದ್ದಳು.

"ಅತ್ತೆ, ಮುತ್ತಜ್ಜ ಕಾಶಿಗೆ ಹೋದ್ದು ಹೌದಾ?"

ಅತ್ತೆಯ ಕೈ ನಿಂತಿತು. "ಯಾರು ಹೇಳ್ದ ನಿಂಗೆ?"

ಪುಸ್ತಕದಲ್ಲಿ ಇದೆಯೆಂದು ಕೇಳಿದ ಮೇಲೆ ಅತ್ತೆ ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಕಾಶಿಗೂ ಇಲ್ಲೆ, ರಾಮೇಶ್ವರಕ್ಕೂ ಇಲ್ಲೆ, ಕೂಸೆ. ಮಜ್ಜಿಗೆ ಚೆಲ್ಲಿತು ಹೇಳಿ ಒನಕೆಯಲ್ಲಿ ಹೊಡ್ದು ಕೊಂದ."

ಅತ್ತೆ ದನಿ ತಗ್ಗಿಸಿದಳು.

"ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ಯಾರು, ಗೊತ್ತಿದ್ದಾ? ನಿನ್ನ ಅಜ್ಜ. ಏಳು ವರ್ಷ ಅವಂಗೆ."

ಪುಸ್ತಕದ ಸಾಲಿಗಿಂತ ಈ ಮಾತು ಅವಳನ್ನು ಹೆಚ್ಚು ಅಲುಗಿಸಿತು. ಅಜ್ಜನ ತೊಡೆಯ ಮೇಲೆ ಬೆಳೆದವಳು ಅವಳು. ಮನೆಯಲ್ಲಿ ಮಕ್ಕಳು ಹಾಲು ಚೆಲ್ಲಿದಾಗ ಯಾರಾದರೂ ಗದರಿದರೆ, ಅಜ್ಜ ಮಾತಿಲ್ಲದೆ ಎದ್ದು ಬಂದು ತಾನೇ ಬಗ್ಗಿ ನೆಲ ಒರೆಸುತ್ತಿದ್ದ. ಪಾಪದವನು ಎಂದು ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಕೊಲೆಗಾರನ ಮಗನಿಗೆ ಹೆಣ್ಣು ಯಾರು ಕೊಟ್ಟಾರು ಎಂದು ಹಿರಿಯರು ಕಾಶಿಯ ಕತೆ ಹುಟ್ಟಿಸಿದರಂತೆ. ಹಳೆಯ ತಲೆಗಳು ಒಂದೊಂದಾಗಿ ಉದುರಿದ ಮೇಲೆ ಕತೆಯೇ ನಿಜವಾಯಿತು. ಯಾರಿಗೂ ಹೇಳಬಾರದೆಂದು ಅತ್ತೆಯಿಂದ ಅವಳ ಆಯಿ, ಅಂದರೆ ಜಯಶ್ರೀಯ ಅಜ್ಜಿ, ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದಳಂತೆ.

ತೋಟದಿಂದ ಬಂದ ಸುಜಯ ಮೊದಲು ನಂಬಲಿಲ್ಲ. ಹೊರಗೆ ಬಾಯಿ ಬಿಡಬೇಡ ಎಂದು ಅಕ್ಕನಿಗೇ ಗದರಿದ. ಆಮೇಲೆ ಪುಸ್ತಕ ಕೇಳಿ ತೆಗೆದುಕೊಂಡು ಆ ಸಾಲನ್ನು ನಿಂತೇ ಓದಿದ. ಊಟಕ್ಕೆ ಕರೆದರೂ ಬರಲಿಲ್ಲ.

ಪ್ರವಾಸ ರದ್ದು ಮಾಡೋಣವೇ ಎಂದು ವಿನಾಯಕ ಕೇಳಿದ. ಬೇಡವೆಂದಳು. ದ್ವೀಪದ ನೀರಿನ ಬಣ್ಣ ಪುಸ್ತಕದಲ್ಲಿದ್ದುದಕ್ಕಿಂತ ಚೆಂದವಿತ್ತು. ಅದು ಚೆಂದ ಕಂಡದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೂರನೇ ದಿನ ಜೈಲು ನೋಡಲು ಹೋದರು. ಗೈಡ್ ದೇಶಕ್ಕಾಗಿ ನೊಂದವರ ಕತೆ ಹೇಳುತ್ತಿದ್ದ, ಜನ ಕೈಮುಗಿಯುತ್ತಿದ್ದರು. ಹೆಂಡತಿಯನ್ನು ಕೊಂದು ಬಂದವರ ಮಾತು ಯಾರೂ ಎತ್ತಲಿಲ್ಲ. ಈ ಸಲ ಜಯಶ್ರೀ ಯಾರನ್ನೂ ತಿದ್ದಲು ಹೋಗಲಿಲ್ಲ. ಗಂಡನನ್ನು ಒಳಗೆ ಕಳಿಸಿ ಮರದಡಿಯ ಕಲ್ಲುಬೆಂಚಿನ ಮೇಲೆ ಕೂತಳು.

ಮುತ್ತಜ್ಜನ ಮುಖವನ್ನು ಊಹಿಸಲು ನೋಡಿದಳು, ಆಗಲಿಲ್ಲ. ಕಣ್ಣಿಗೆ ಕಟ್ಟಿದ್ದು ಕಾರವಾರದ ಕೋರ್ಟಿನಲ್ಲಿ ನಿಂತ ಏಳು ವರ್ಷದ ಮಾಣಿ ಮಾತ್ರ. ಕಟಕಟೆ ಅವನಿಗೆ ಎತ್ತರವಾಗಿತ್ತೇನೋ. ಜಡ್ಜರಿಗೆ ಮುಖ ಕಾಣಲೆಂದು ಯಾರೋ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿರಬೇಕು.