ನಲವತ್ತು ದಿನ ನೋಡಿ ತೆಗೆದುಹಾಕಿದ್ದು

ಕೊರೋನಾ ಕಾಟ ಮುಗಿದು ಕಚೇರಿಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ತಿಪಟೂರಿನ ಒಂದು ಸಣ್ಣ ಕ್ಲೌಡ್ ಕಂಪನಿಯಲ್ಲಿ ಕರ್ನಲ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದೇನಲ್ಲ, ವಿಭಾಗದಲ್ಲಿ ಇದ್ದದ್ದೇ ಮೂರು ಜನ. ಕೊಬ್ಬರಿ ಗೋಡೌನಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಎಲ್ಲರ ಬಟ್ಟೆಗೂ ಕೊಬ್ಬರಿ ವಾಸನೆ ಹತ್ತಿರುತ್ತಿತ್ತು. ಸರ್ವರ್‌ಗಳು ಇದ್ದದ್ದು ಬೆಂಗಳೂರಿನಲ್ಲಿ. ಗ್ರಾಹಕರು ಮಾತ್ರ ಸುತ್ತಮುತ್ತಲಿನವರೇ. ಕೊಬ್ಬರಿ ಮಂಡಿಗಳು, ಎರಡು ಕಾಲೇಜು, ಕೆಲವು ಸಹಕಾರ ಸಂಘಗಳು, ಏಳೆಂಟು ಸಣ್ಣ ಆಸ್ಪತ್ರೆಗಳು.

ನನ್ನ ಕೆಲಸವೇನೆಂದು ಮೊದಲು ಹೇಳಬೇಕು. ಆಪರೇಟಿಂಗ್ ಸಿಸ್ಟಂನ ಒಳಗಿನ ಮುಖ್ಯ ಭಾಗ ಕರ್ನಲ್. ಉಳಿದ ಎಲ್ಲ ಪ್ರೋಗ್ರಾಂಗಳು ಮೆಮೊರಿ ಬೇಕಾದರೂ ಡಿಸ್ಕ್ ಬೇಕಾದರೂ ನೆಟ್‌ವರ್ಕ್ ಬೇಕಾದರೂ ಅದನ್ನೇ ಕೇಳಬೇಕು. ಲೋಕದಲ್ಲಿರುವ ಎಲ್ಲ ಬಗೆಯ ಕಂಪ್ಯೂಟರಿಗೂ ಹೊಂದಲಿ ಎಂದು ಅದರಲ್ಲಿ ಸಾವಿರಾರು ಸೌಲಭ್ಯಗಳನ್ನು ತುಂಬಿರುತ್ತಾರೆ. ಸ್ಪೀಕರಿನಲ್ಲಿ ಹಾಡು ಕೇಳಿಸುವುದು, ಬ್ಲೂಟೂತ್, ಫ್ಲಾಪಿ ಡಿಸ್ಕ್, ಎಂದೋ ಮುಚ್ಚಿಹೋದ ಕಂಪನಿಗಳ ನೆಟ್‌ವರ್ಕ್ ಕಾರ್ಡುಗಳು. ಡೇಟಾ ಸೆಂಟರಿನಲ್ಲಿ ಕೂತ ಸರ್ವರಿಗೆ ಇವು ಯಾವುವೂ ಬೇಡ. ಬೇಡದ್ದು ಒಳಗಿದ್ದರೆ ಸುಮ್ಮನೆ ಇರುವುದೂ ಇಲ್ಲ; ಅದರಲ್ಲೊಂದು ತಪ್ಪು ಇದ್ದರೆ ಹ್ಯಾಕರ್ ಅದೇ ದಾರಿಯಲ್ಲಿ ನುಗ್ಗುತ್ತಾನೆ. ಹಾಗಾಗಿ ಬೇಡದ್ದನ್ನು ಒಂದೊಂದಾಗಿ ಕಿತ್ತುಹಾಕಿ ಕರ್ನಲ್ಲನ್ನು ಚಿಕ್ಕದು ಮಾಡುವುದು ಒಂದು ವಿದ್ಯೆ. ಅದರಲ್ಲಿ ನನಗೆ ಹದಿನೆಂಟು ವರ್ಷದ ಅನುಭವವಿತ್ತು, ಸ್ವಲ್ಪ ಜಂಬವೂ ಇತ್ತು.

ಆ ವರ್ಷ ನಮ್ಮಲ್ಲಿ ಭದ್ರತಾ ತಪಾಸಣೆ ನಡೆಯುವುದಿತ್ತು. ಅದಕ್ಕೆ ಮೊದಲು ಕರ್ನಲ್ ಸಣ್ಣದಾಗಬೇಕು ಎಂದು ಕಂಪನಿಯ ಮಾಲೀಕರು ಹೇಳಿದರು. ಯಾವುದು ಬೇಕು, ಯಾವುದು ಬೇಡ ಎಂದು ಊಹಿಸುವ ಬದಲು ಅಳೆದು ನೋಡೋಣ ಎಂದು ನಾನೇ ಸೂಚಿಸಿದೆ. ಎಲ್ಲ ಸರ್ವರ್‌ಗಳಲ್ಲೂ ಒಂದು ಟ್ರೇಸಿಂಗ್ ಪ್ರೋಗ್ರಾಂ ಹಾಕಿದೆವು. ಕರ್ನಲ್ಲಿನ ಯಾವ ಭಾಗ ಎಷ್ಟು ಸಲ ಕೆಲಸ ಮಾಡಿತು ಎಂದು ಅದು ಲೆಕ್ಕ ಇಡುತ್ತದೆ. ನಲವತ್ತು ದಿನ ಓಡಿಸಿದೆವು. ಒಂದು ಸಲವೂ ಬಳಕೆಯಾಗದ ಭಾಗಗಳ ಪಟ್ಟಿ ಮಾಡಿ, ಎದುರಿಗೆ ‘ಬೇಡ’ ಎಂದು ಗುರುತು ಹಾಕಿದೆ. ಆ ಪಟ್ಟಿಯಲ್ಲಿ 32 ಬಿಟ್ ಬೆಂಬಲವೂ ಇತ್ತು. ಈಗಿನ ಪ್ರೋಗ್ರಾಂಗಳೆಲ್ಲ 64 ಬಿಟ್‌ನವು. ಹಳೆಯ 32 ಬಿಟ್ ಪ್ರೋಗ್ರಾಂಗಳೂ ಓಡಲಿ ಎಂದು ಕರ್ನಲ್ಲಿನಲ್ಲಿ ಒಂದು ಭಾಗ ಉಳಿದುಕೊಂಡಿರುತ್ತದೆ. ಭದ್ರತೆಯವರಿಗೆ ಅದನ್ನು ಕಂಡರೆ ಆಗುವುದಿಲ್ಲ. ನಲವತ್ತು ದಿನದಲ್ಲಿ ಅದರ ಬಳಕೆ ಸೊನ್ನೆ.

ಪಟ್ಟಿಯನ್ನು ಎಲ್ಲರಿಗೂ ಕಳಿಸಿದ ದಿನ ಮಧ್ಯಾಹ್ನ ರೇಣುಕಪ್ಪ ನನ್ನ ಮೇಜಿನ ಬಳಿ ಬಂದರು. ಐವತ್ತೈದು ದಾಟಿದವರು. ಮೊದಲು ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದು, ಆಮೇಲೆ ನಮ್ಮಲ್ಲಿ ಆಸ್ಪತ್ರೆ ಗ್ರಾಹಕರನ್ನು ನೋಡಿಕೊಳ್ಳಲು ಸೇರಿದವರು. ಕಿಬ್ಬನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕರ್ನಲ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಯಾವ ಆಸ್ಪತ್ರೆಯ ಯಾವ ಕೋಣೆಯಲ್ಲಿ ಯಾವ ಮೆಷಿನ್ ಇದೆ ಎಂದು ಮಾತ್ರ ಬಾಯಿಪಾಠವಾಗಿತ್ತು.

“ಮೇಡಂ, ಈ ತುರುವೇಕೆರೆ ಕಡೆ ಟ್ರಸ್ಟ್ ಆಸ್ಪತ್ರೇಲಿ ಹಳೇ ಎಕ್ಸ್-ರೇ ಮೆಷಿನ್ ಒಂದೈತೆ. ಅದ್ರ ಫೋಟೋನ ಡಾಕ್ಟ್ರ ಪರದೇಲಿ ಕಾಣೋ ಹಂಗೆ ಪರಿವರ್ತನೆ ಮಾಡೋ ಪ್ರೋಗ್ರಾಂ ನಮ್ ಸರ್ವರ್‌ನಲ್ಲೇ ಐತೆ. ಅದೂ ಹಳೇದೇ ಕಣ್ರೀ.”

“ಈ ನಲವತ್ತು ದಿನದಲ್ಲಿ ಒಂದು ಸಲವೂ ಓಡಿಲ್ಲವಲ್ಲ, ರೇಣುಕಪ್ನೋರೇ?”

“ಹೊಸ ಮೆಷಿನ್ ಸರಿಯಾಗಿದ್ರೆ ಅದ್ನ ಯಾರೂ ಮುಟ್ಟಲ್ಲ. ಹೊಸದು ಕೈ ಕೊಟ್ರೆ ಮಾತ್ರ ಅದು.”

ಅದಕ್ಕೆ ನಾನು, ವರ್ಷಕ್ಕೊಮ್ಮೆ ಬರುವ ನೆಂಟನಿಗಾಗಿ ಇಡೀ ವರ್ಷ ಬಾಗಿಲು ತೆರೆದಿಡಲು ಆಗುತ್ತದೆಯೇ ಎಂದೆ. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ರೇಣುಕಪ್ಪ ನಗಲಿಲ್ಲ. ತಮ್ಮ ಜಾಗಕ್ಕೆ ಹೋಗಿ ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿದರು. ‘ಗಮನಿಸಿದ್ದೇನೆ’ ಎಂದು ಒಂದೇ ಸಾಲು ಉತ್ತರ ಕೊಟ್ಟೆ. ಗಮನಿಸಿರಲಿಲ್ಲ. ಆ ಪ್ರೋಗ್ರಾಂ 32 ಬಿಟ್‌ನದೋ ಅಲ್ಲವೋ ಎಂದು ನೋಡಲು ಒಂದು ಕಮಾಂಡ್ ಸಾಕಿತ್ತು. ಅದನ್ನೂ ಕೊಡಲಿಲ್ಲ.

ಹೊಸ ಕರ್ನಲ್ ಚೆನ್ನಾಗಿ ಓಡಿತು. ಸರ್ವರ್‌ಗಳು ಬೇಗ ಏಳುತ್ತಿದ್ದವು, ಮೆಮೊರಿ ಉಳಿಯಿತು, ತಪಾಸಣೆಯವರು ಹೊಗಳಿ ಹೋದರು. ಮಾಲೀಕರು ಎಲ್ಲರಿಗೂ ಮಸಾಲೆ ದೋಸೆ ತರಿಸಿದರು.

ಆರು ವಾರದ ನಂತರ, ಒಂದು ಭಾನುವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ರೇಣುಕಪ್ಪ ಫೋನ್ ಮಾಡಿದರು. ಟ್ರಸ್ಟ್ ಆಸ್ಪತ್ರೆಯಿಂದ ಕಳಿಸಿದ ಎಕ್ಸ್-ರೇ ತುಮಕೂರಿನಲ್ಲಿರುವ ರೇಡಿಯಾಲಜಿಸ್ಟ್‌ಗೆ ತಲುಪಿಲ್ಲವಂತೆ. ಎಕ್ಸ್-ರೇ ಓದುವ ತಜ್ಞರು ಸಣ್ಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಚಿತ್ರ ನಮ್ಮ ಸರ್ವರಿಗೆ ಬಂದು, ಅಲ್ಲಿಂದ ತಜ್ಞರ ಪರದೆಗೆ ಹೋಗಿ, ಅವರ ವರದಿ ವಾಪಸ್ಸು ಬರಬೇಕು. ನಾನು ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ನೋಡಿದೆ. ಎಲ್ಲ ಸರ್ವರ್‌ಗಳ ಮುಂದೆ ಹಸಿರು ಗುರುತು. ಆಸ್ಪತ್ರೆಯಿಂದ ಚಿತ್ರ ಬಂದು ಸೇರಿದ ದಾಖಲೆಯೂ ಇತ್ತು.

“ನಮ್ಮ ಕಡೆ ಎಲ್ಲ ಸರಿ ಇದೆ. ತುಮಕೂರಿನವರ ನೆಟ್ ನೋಡಲು ಹೇಳಿ” ಎಂದೆ.

“ಪೇಷೆಂಟು ಮರದಿಂದ ಬಿದ್ದೋನಂತೆ ಮೇಡಂ. ಕತ್ತಿಗೆ ಪೆಟ್ಟಾಗೈತೆ ಅಂತಾರೆ.”

“ಸರಿ ಇದೆ ಎಂದೆನಲ್ಲ, ರೇಣುಕಪ್ನೋರೇ.”

ಅವರು ಫೋನ್ ಇಟ್ಟು ಬಸ್ಸು ಹತ್ತಿ ಆ ಆಸ್ಪತ್ರೆಗೆ ಹೊರಟರು. ಭಾನುವಾರ ಬಸ್ಸು ಕಡಿಮೆ. ಎರಡು ಕಡೆ ಇಳಿದು ಕಾದು, ಅವರು ತಲುಪುವಾಗ ಮೂರೂವರೆ. ಎಕ್ಸ್-ರೇ ಕೋಣೆಗೆ ಕಾಲಿಟ್ಟ ಕೂಡಲೇ ಹೊಸ ಮೆಷಿನ್ ಮೇಲೆ ಬಟ್ಟೆ ಹೊದಿಸಿದ್ದು ಅವರ ಕಣ್ಣಿಗೆ ಬಿತ್ತು. ಹಿಂದಿನ ದಿನ ಅದು ಕೆಟ್ಟಿತ್ತು. ಬೆಳಗಿನಿಂದ ಹಳೆಯದರಲ್ಲೇ ಕೆಲಸ ನಡೆದಿತ್ತು. ಅಲ್ಲಿಂದಲೇ ಫೋನ್ ಮಾಡಿದರು.

“ಹಳೇ ಮೆಷಿನ್ನು ಮೇಡಂ” ಎಂದರು. ಅಷ್ಟೇ.

ನನಗೆ ತಕ್ಷಣ ಗೊತ್ತಾಯಿತು. ಚಿತ್ರ ನಮ್ಮಲ್ಲಿಗೆ ಬಂದಿತ್ತು ನಿಜ. ಅದನ್ನು ಪರಿವರ್ತಿಸಬೇಕಾದ 32 ಬಿಟ್ ಪ್ರೋಗ್ರಾಂ ನನ್ನ ಹೊಸ ಕರ್ನಲ್ಲಿನ ಮೇಲೆ ಏಳಲೇ ಇಲ್ಲ. ಅದು ಏಳಲಿಲ್ಲ ಎಂದು ಸರ್ವರ್ ಬರೆದ ಸಾಲನ್ನು ಯಾರೂ ನೋಡದ ಫೈಲಿಗೆ ಕಳಿಸುವಂತೆ ಎಷ್ಟೋ ವರ್ಷದ ಹಿಂದೆ ಯಾರೋ ಬರೆದಿಟ್ಟಿದ್ದರು. ನಾನು ಹಳೆಯ ಕರ್ನಲ್ ಹಾಕಿ ಆ ಸರ್ವರನ್ನು ಮತ್ತೆ ಎಬ್ಬಿಸಿದೆ. ನಾಲ್ಕು ನಿಮಿಷ ಹಿಡಿಯಿತು. ತುಮಕೂರಿನಿಂದ ವರದಿ ಬರುವಾಗ ನಾಲ್ಕೂವರೆ. ಕತ್ತಿನ ಆರನೆಯ ಮೂಳೆಯಲ್ಲಿ ಸಣ್ಣ ಬಿರುಕು, ಕತ್ತು ಅಲುಗಾಡದಂತೆ ಮಲಗಿಸಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದಿತ್ತು.

ಆ ಹೊತ್ತಿಗೆ ಆತ ಆಸ್ಪತ್ರೆಯಲ್ಲಿ ಇರಲಿಲ್ಲ. ಹೆಸರು ರಂಗಪ್ಪ. ನಲವತ್ತೆರಡು ವರ್ಷ. ಮಾಯಸಂದ್ರದ ಸುತ್ತಿನ ತೋಟಗಳಲ್ಲಿ ಮರ ಹತ್ತಿ ಕಾಯಿ ಕೀಳುವುದು ಅವನ ಕೆಲಸ. ಆ ಬೆಳಗ್ಗೆ ಇಳಿಯುವಾಗ ಕಾಲು ಜಾರಿ ಎರಡಾಳೆತ್ತರದಿಂದ ಬಿದ್ದಿದ್ದ. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ಮೆಷಿನ್ನಿನ ಮಸುಕು ಪರದೆಯಲ್ಲೇ ಚಿತ್ರ ನೋಡಿದ್ದರು. ಬಿರುಕು ಕಂಡಿರಲಿಲ್ಲ. ವರದಿಗಾಗಿ ಮಧ್ಯಾಹ್ನ ಎರಡು ಗಂಟೆಯವರೆಗೂ ಕಾದರು. ನೋವು ಕಡಿಮೆಯಾಗಿದೆ, ಕೈಕಾಲು ಆಡುತ್ತಿದೆ, ಮನೆಗೆ ಹೋಗುತ್ತೇವೆ ಎಂದು ಮನೆಯವರು ಕೇಳಿದಾಗ ಮಾತ್ರೆ ಕೊಟ್ಟು ಕಳಿಸಿದರು. ಮನೆಯವರು ಅವನನ್ನು ಲಗ್ಗೇಜ್ ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದರು.

ರೇಣುಕಪ್ಪ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ತಾವೂ ಕೂತು ಆ ಹಳ್ಳಿಗೆ ಹೋದರು. ಹೊತ್ತು ಮುಳುಗಿರಲಿಲ್ಲ. ಅಂಗಳದ ಮಂಚದ ಮೇಲೆ ರಂಗಪ್ಪ ಮಲಗಿದ್ದ. ಕಾಫಿ ಕುಡಿಯಲೆಂದು ಅರ್ಧ ಗಂಟೆಯ ಹಿಂದೆ ಎದ್ದು ಕೂತಿದ್ದನಂತೆ. ಕತ್ತಿನಲ್ಲಿ ಏನೋ ಸರಿದಂತಾಗಿ ಲೋಟ ಕೈಯಿಂದ ಜಾರಿತಂತೆ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಮಡಿಸಲಾಗಲಿಲ್ಲ.

ಮುಂದಿನ ವಾರ ಘಟನೆಯ ವರದಿ ಬರೆಯಬೇಕಾಯಿತು. ಬರೆದವಳು ನಾನೇ. ಮಾಲೀಕರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

“32 ಬಿಟ್ ಅನ್ನೋದೆಲ್ಲ ಯಾವ ಕಾಲದ್ದು ಮೇಡಂ? ಅವರು ಬದಲಾಯಿಸ್ಕೋಬೇಕಿತ್ತು. ಅದನ್ನೇ ಬರೀರಿ.”

ಬರೆದೆ. ‘ಗ್ರಾಹಕರು ಬೆಂಬಲ ನಿಂತುಹೋದ ತಂತ್ರಾಂಶವನ್ನು ಬಳಸುತ್ತಿದ್ದರು.’ ನಿಜವೇ. ಆ ಪ್ರೋಗ್ರಾಂ ಮಾಡಿದ ಕಂಪನಿ ಮುಚ್ಚಿ ವರ್ಷಗಳಾಗಿದ್ದವು. ‘ಗ್ರಾಹಕರ ಉಪಕರಣಗಳ ಪಟ್ಟಿಯಲ್ಲಿ ಹಳೆಯ ಯಂತ್ರದ ನಮೂದು ಇರಲಿಲ್ಲ.’ ಅದೂ ನಿಜ. ಆ ಪಟ್ಟಿಯಲ್ಲಿ ಬದಲಿ ಯಂತ್ರ ಬರೆಯಲು ಜಾಗವೇ ಇರಲಿಲ್ಲ. ಪಟ್ಟಿ ಇಟ್ಟುಕೊಳ್ಳಬೇಕಾದವರು ಯಾರು ಎಂಬ ಕಡೆ ರೇಣುಕಪ್ಪನವರ ಹುದ್ದೆಯ ಹೆಸರು ಬಂತು. ಅವರ ಇಮೇಲಿನ ವಿಷಯ ಮೊದಲ ಕರಡಿನಲ್ಲಿ ಇತ್ತು. ಮಾಲೀಕರು ಅದರ ಮೇಲೆ ಬೆರಳಿಟ್ಟು, “ಇದು ಇಲ್ಲಿ ಬೇಕಾ?” ಎಂದು ಕೇಳಿದರು. ಗದರಲಿಲ್ಲ, ಹೆದರಿಸಲಿಲ್ಲ. ನಾನು ಅಳಿಸಿದೆ. ಕೆಳಗೆ ಸಹಿ ಹಾಕಿದೆ.

ತಿಂಗಳೊಪ್ಪತ್ತಿನಲ್ಲಿ ರೇಣುಕಪ್ಪ ರಾಜೀನಾಮೆ ಕೊಟ್ಟರು. ಕೊಡುವಂತೆ ಮಾಡಿದರು ಎನ್ನುವುದು ಸರಿ. ಕೊನೆಯ ದಿನ ತಮ್ಮ ಟಿಫಿನ್ ಕ್ಯಾರಿಯರ್ ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ವರದಿ ಓದ್ದೆ ಮೇಡಂ. ನೀವು ಬರ್ದಿರೋದ್ರಲ್ಲಿ ಒಂದೂ ಸುಳ್ಳಿಲ್ಲ. ಅದ್ಕೇ ನಂಗೆ ಏನ್ ಹೇಳ್ಬೇಕೋ ಗೊತ್ತಾಯ್ತಿಲ್ಲ. ಬತ್ತೀನಿ.”

ಇಳಿದು ಹೋದರು. ಅವರಿಗೆ ಆಮೇಲೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಯಾರಿಗೂ ಹೇಳದೆ ಮಾಯಸಂದ್ರದ ಬಸ್ಸು ಹತ್ತಿ ರಂಗಪ್ಪನ ಮನೆ ಹುಡುಕಿಕೊಂಡು ಹೋದೆ. ಆಪರೇಷನ್ ಆಗಿತ್ತು. ನಡೆಯುತ್ತಿದ್ದ. ಬೆರಳುಗಳು ಮಾತ್ರ ಅರ್ಧ ಮಡಚಿಕೊಂಡು ನಿಲ್ಲುತ್ತಿದ್ದವು. ಹೆಂಡತಿ ಜಯಮ್ಮ ತಟ್ಟೆ ಮುಂದಿಟ್ಟುಕೊಂಡು ಅವನಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಆಸ್ಪತ್ರೆಯವರು ಎಂದುಕೊಂಡು ನನ್ನನ್ನು ಒಳಗೆ ಕೂರಿಸಿದರು.

“ಮೆಷಿನ್ ಕೆಟ್ಟಿತ್ತು ಅಂದ್ರು ಡಾಕ್ಟ್ರು” ಎಂದ ರಂಗಪ್ಪ. “ಕೆಟ್ಟ ಮೆಷಿನ್ಗೆ ಯಾರೇನ್ ಮಾಡಕಾಯ್ತದೆ, ಬುಡಿ.”

“ಆ ಹಳೇ ಮೆಷಿನ್ ಕೆಟ್ಟಿರಲಿಲ್ಲ” ಎಂದೆ. ನಾನು ಯಾರು, ನಾನು ಏನು ತೆಗೆದೆ, ಚಿತ್ರ ಎಲ್ಲಿ ನಿಂತುಹೋಯಿತು, ನನಗೆ ಮೊದಲೇ ಯಾರು ಹೇಳಿದ್ದರು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ವರದಿ ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತೋ ಇಲ್ಲವೋ ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ. ಆ ಮಾತು ಅವರಿಗೆ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು.

ರಂಗಪ್ಪ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಜಯಮ್ಮ ತಟ್ಟೆ ಕೆಳಗಿಟ್ಟಳು.

“ಅಲ್ಲ ಕಣವ್ವಾ, ಅದು ಅಲ್ಲೇ ಇದ್ದಿದ್ರೆ ನಿಮ್ಗೇನ್ ತೊಂದ್ರೆ ಆಗೋದು?”

ಉತ್ತರ ನನಗೆ ಗೊತ್ತಿತ್ತು. ಹ್ಯಾಕರ್‌ಗಳ ಬಗ್ಗೆ, ತಪಾಸಣೆಯ ಬಗ್ಗೆ, ಉಳಿಯುವ ಮೆಮೊರಿಯ ಬಗ್ಗೆ ನಾನು ಗಂಟೆಗಟ್ಟಲೆ ಉಪನ್ಯಾಸ ಕೊಟ್ಟಿದ್ದೇನೆ. ಆ ಮನೆಯ ನೆಲದ ಮೇಲೆ ಕೂತು ಹೇಳುವ ಉತ್ತರ ಅದಾಗಿರಲಿಲ್ಲ. ಅವಳು ನನಗೆ ಕಾಫಿ ಕೊಡಲಿಲ್ಲ, ಎದ್ದು ಹೋಗಿ ಎಂದೂ ಹೇಳಲಿಲ್ಲ. ನಾನೇ ಎದ್ದು ಬಂದೆ.

ಮಾರನೆಯ ದಿನ ಮಾಲೀಕರಿಗೆ ಪತ್ರ ಬರೆದೆ. ರೇಣುಕಪ್ಪನವರ ಇಮೇಲನ್ನು ವರದಿಗೆ ಸೇರಿಸಿ ಆಸ್ಪತ್ರೆಗೆ ಮತ್ತೆ ಕಳಿಸಬೇಕು ಎಂದು ಕೇಳಿದೆ. ಮುಗಿದ ವಿಷಯ ಎಂದು ಉತ್ತರ ಬಂತು. ಆಗ ನಾನೇ ಕಳಿಸಿದೆ. ಆಸ್ಪತ್ರೆಯವರು ‘ತಲುಪಿದೆ’ ಎಂದು ಬರೆದರು. ಅವರಿಗೂ ಆ ವಿಷಯ ಮುಗಿಯಬೇಕಾಗಿತ್ತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕರ್ನಲ್ ಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಸಿಗುವಂತಿರಲಿಲ್ಲ. ನಾನಾಗಿಯೇ ಬಿಡಬಹುದಿತ್ತು. ಬಿಡಲಿಲ್ಲ. ಇವತ್ತಿಗೂ ಅಲ್ಲೇ ಇದ್ದೇನೆ. 32 ಬಿಟ್ ಬೆಂಬಲ ಆ ಒಂದು ಸರ್ವರಿನಲ್ಲಿ ಉಳಿದಿದೆ. ರೇಣುಕಪ್ಪನವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಆಸ್ಪತ್ರೆಗಳಿಂದ ದೂರು ಕಡಿಮೆ ಬರುತ್ತಿದೆ, ಆ ಹುದ್ದೆಯ ಅಗತ್ಯ ಕಾಣುತ್ತಿಲ್ಲ ಎಂದು ಕಾರಣ ಕೊಟ್ಟರು.

ಈಗ ಕೆಲಸ ಕಲಿಯಲು ಬರುವವರಿಗೆ ನಾನು ಹೇಳುವುದು ಒಂದೇ. ಯಂತ್ರ ಅಳೆದುಕೊಡುವ ಸೊನ್ನೆಗೆ ಅರ್ಥ ನಾವು ನೋಡಿದಷ್ಟು ದಿನ ಅದು ನಡೆಯಲಿಲ್ಲ ಎಂದಷ್ಟೇ. ಅದರ ಎದುರಿಗೆ ‘ಬೇಡ’ ಎಂದು ಬರೆಯುವುದು ಯಂತ್ರವಲ್ಲ, ನೀವು. ಬರೆಯುವ ಮೊದಲು, ಯಾರಿಗೆ ಬೇಕಾಗಬಹುದು ಎಂದು ಸ್ಥಳಕ್ಕೆ ಹೋಗಿ ಬರುವವರನ್ನು ಕೇಳಿ. ಅವರು ಹೇಳಿದ್ದನ್ನು ಅಳಿಸಲಾಗದ ಕಡೆ ಬರೆದಿಡಿ. ಹುಡುಗಿಯರು, ಹುಡುಗರು ತಲೆಯಾಡಿಸುತ್ತಾರೆ. ನಂತರ ಕಂಪ್ಯೂಟರ್ ಮುಂದೆ ಕೂತು ಪಟ್ಟಿ ತೆರೆಯುತ್ತಾರೆ. ಎಷ್ಟು ಜನ ಎದ್ದು ಹೋಗಿ ಕೇಳುತ್ತಾರೆ ಎಂದು ನಾನು ಗಮನಿಸುತ್ತಲೇ ಇದ್ದೇನೆ. ಇಲ್ಲಿಯವರೆಗೆ ಒಬ್ಬಳು ಕೇಳಿದ್ದಾಳೆ.