ಮೀನಾಳ ತಮ್ಮನ ಹೆಸರು

ಜೆ.ಪಿ. ನಗರದ ಈ ಫ್ಲಾಟಿಗೆ ಬಂದ ಮೊದಲ ಬೆಳಿಗ್ಗೆ ನನ್ನ ಜೊತೆ ಕನ್ನಡ ಮಾತಾಡಿದ್ದು ಒಬ್ಬ ಪರದೇಶದ ಹೆಂಗಸು. ಸೆಕ್ಯೂರಿಟಿಯವನದು ಹಿಂದಿ, ಲಿಫ್ಟಿನಲ್ಲಿದ್ದವರದು ಇಂಗ್ಲಿಷ್. ಎದುರು ಬಾಗಿಲಿನಿಂದ ಹಸಿರು ಕಣ್ಣಿನವಳೊಬ್ಬಳು ಇಣುಕಿ, "ಆಂಟಿ, ಗ್ಯಾಸ್ ಬಂತಾ? ಇಲ್ಲಾಂದ್ರೆ ನಮ್ಮನೇಲಿ ಟೀ ಕುಡೀರಿ" ಅಂದಳು. ಮೈ ಗುಡ್‌ನೆಸ್, ಸಾಮಾನು ಅಲ್ಲೇ ಬಿಟ್ಟು ಅವಳ ಹಿಂದೆ ಹೋದೆ.

ಓದೋಕೆ ಬಂದು ಇಲ್ಲೇ ಉಳಿದವಳು. ಕನ್ನಡ ಕಲಿಸಿದ್ದು ಬನಶಂಕರಿಯ ಪಿ.ಜಿ. ಓನರ್ ಆಂಟಿಯಂತೆ. ತನ್ನ ಹೆಸರು, ತನ್ನ ದೇಶದ ಹೆಸರು ಎರಡನ್ನೂ ಬರೆಯಬೇಡಿ ಅಂದಿದ್ದಾಳೆ. ಅವಳನ್ನು ಮೀನಾ ಅಂತ ಕರೆಯೋಣ. ಹಾಸನದಲ್ಲಿ ನಮ್ಮನೆ ಬಾಗಿಲು ತೆರೆದಿದ್ದರೆ ನಿಮ್ಮಲ್ಲಿ ಯಾರಾದರೂ ಒಳಗೆ ಬರುತ್ತಿದ್ದಿರಿ. ಇಲ್ಲಿ ಬರುವವಳು ಇವಳೊಬ್ಬಳೇ.

ಮನೆಯಲ್ಲಿ ನಾಲ್ಕು ಜನರನ್ನು ಸೇರಿಸಿ, ಅಲ್ಲಿನ ಸರ್ಕಾರ ಒಪ್ಪದ ಧರ್ಮದ ಪ್ರಾರ್ಥನೆ ಮಾಡಿದ್ದಕ್ಕೆ ಅವಳ ತಮ್ಮ ಅವಳ ದೇಶದಲ್ಲಿ ಜೈಲಿನಲ್ಲಿದ್ದಾನೆ. ಪಶ್ಚಿಮದ ಒಂದು ಸರ್ಕಾರದವರು ಅವಳನ್ನು ಕೇಳಿದ್ದರು: ನಿಮ್ಮ ತಮ್ಮನ ಹೆಸರನ್ನು ಬಹಿರಂಗವಾಗಿ ಹೇಳಬಹುದಾ? ಅವನನ್ನು ಜೈಲಿಗೆ ಹಾಕಿದ್ದಕ್ಕೆ ನಿಮ್ಮ ದೇಶದ ಮೇಲೆ ಸ್ಯಾಂಕ್ಷನ್ಸ್, ಅಂದರೆ ಆರ್ಥಿಕ ನಿರ್ಬಂಧ, ಹಾಕುವ ಯೋಚನೆ ಇದೆ.

"ಹೇಳಿದ್ರೆ ಜೈಲಲ್ಲಿ ಅವನನ್ನ ಹೊಡೀತಾರೇನೋ. ಹೇಳದಿದ್ರೆ ಎಲ್ರೂ ಮರ್ತೇಬಿಡ್ತಾರೆ. ನೀವು ಕಾನ್ವೆಂಟಲ್ಲಿ ಓದಿದೋರು, ಹೇಳಿ ಆಂಟಿ."

ಫಾರಿನ್ ಪಾಲಿಸಿ ಅಂದರೆ ನನಗೆ ಪೇಪರಿನಲ್ಲಿ ಮಡಚಿ ಬದಿಗಿಡುವ ಪುಟ. ಇಂಗ್ಲಿಷ್ ಬಂದರೆ ಬುದ್ಧಿ ಬಂತೇ? ನೆನಪಾದದ್ದು ನಮ್ಮಜ್ಜಿಯ ಹಳ್ಳಿ. ಒಂದು ಮನೆಗೆ ಬಹಿಷ್ಕಾರ ಹಾಕಿದ್ದರು: ಬೆಂಕಿ ಕೊಡಬಾರದು, ನೀರು ಕೊಡಬಾರದು. ತಪ್ಪು ಯಜಮಾನನದು, ಹಸಿದದ್ದು ಮಕ್ಕಳು. ಅಜ್ಜಿ ಮಾತ್ರ ಹಿತ್ತಿಲ ಬಾಗಿಲಿನಿಂದ ಮುದ್ದೆ ಸಾರು ದಾಟಿಸುತ್ತಿದ್ದಳು.

ಅದನ್ನು ಹೇಳಿದೆ. ಮೀನಾ ತಕ್ಷಣ, "ನಮ್ಮಮ್ಮಂಗೂ ಹಾಗೇ ಆಯ್ತು. ಹಿಂದೆ ನಿರ್ಬಂಧ ಹಾಕಿದಾಗ ಶುಗರ್ ಔಷಧಿ ಅಂಗಡೀಲೇ ಇರ್ಲಿಲ್ಲ" ಅಂದಳು.

ಅವಳ ಅಮ್ಮನಿಗೇ ವಿಡಿಯೋ ಕಾಲ್ ಮಾಡಿದೆವು. ಆಕೆ ನನ್ನನ್ನು ನೋಡಿ ಏನೋ ಅಂದರು.

"ಏನಂತೆ?"

"ಇಷ್ಟು ಸಣ್ಣಗಿದ್ದಾರಲ್ಲ, ನೀನು ಊಟ ಹಾಕಲ್ವಾ ಅಂತ ಬೈತಿದ್ದಾರೆ."

ಮೂವರೂ ನಕ್ಕೆವು. ಆಮೇಲೆ ಮೀನಾ ಹೆಸರಿನ ವಿಷಯ ಕೇಳಿದಳು. ಆಕೆ ಮೆಲ್ಲಗೆ ಹೇಳಿದ್ದನ್ನು ಅಳುತ್ತಲೇ ನನಗೆ ಕನ್ನಡಕ್ಕೆ ತಂದಳು: "ಅವನ ಹೆಸರು ನಾನಿಟ್ಟಿದ್ದು. ಹೇಳಲಿ."

ಆ ಪಶ್ಚಿಮದ ಸರ್ಕಾರಕ್ಕೆ ಉತ್ತರವನ್ನು ನನ್ನ ಹಳೇ ಕಾಲದ ಇಂಗ್ಲಿಷಿನಲ್ಲಿ ಬರೆದೆವು. ಅವನ ಹೆಸರನ್ನು ಬಹಿರಂಗವಾಗಿ ಹೇಳಿ; ಅವನನ್ನು ಕೂಡಿಹಾಕಿದ ಅಧಿಕಾರಿಗಳಿಗೆ ವೀಸಾ ಕೊಡಬೇಡಿ, ಅವರ ವಿದೇಶಿ ಖಾತೆ ಮುಚ್ಚಿ, ಔಷಧಿಯ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ.

ಅವರು ಹಾಗೇ ಮಾಡಿದರು. ಆಮೇಲೆ ಜೈಲಿನಿಂದ ತಮ್ಮನ ಸುದ್ದಿಯೇ ಇಲ್ಲ. ಮೀನಾ ಊಟ ಬಿಟ್ಟಳು. "ನಾನೇ ಕೊಂದ್ನಾ ಆಂಟಿ?" ಅಂದಾಗ ಅವಳ ತಲೆ ಸವರಿದೆ.

ಹೋದ ತಿಂಗಳು ಮದುವೆಗೆ ಹಾಸನಕ್ಕೆ ಬಂದಿದ್ದೆನಲ್ಲ, ಪಂಕ್ತಿಯಲ್ಲಿ ಕೂತಾಗ ಅವಳ ಫೋನ್ ಬಂತು. ಅಮ್ಮನಿಗೆ ಜೈಲಿನಲ್ಲಿ ಅವನನ್ನು ನೋಡೋಕೆ ಬಿಟ್ಟರಂತೆ. ಬಿಡುಗಡೆ ಇಲ್ಲ, ಸೊರಗಿದ್ದಾನೆ, ಆದರೆ ಬದುಕಿದ್ದಾನೆ. ಎಲೆಯ ಮುಂದೆ ಅಳುತ್ತಾ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು, ಚಿಕ್ಕಂದಿನಿಂದ ನನ್ನನ್ನು ಬಲ್ಲವರು, "ಯಾರಿಗೇನಾಯ್ತು?" ಅಂತ ಕೇಳಿದರು. ಎಲ್ಲಿಂದ ಶುರು ಮಾಡಲಿ?

ಇನ್ನೂ ಕೆಲವು ದಿನ ಇರಬೇಕು ಅಂತ ಬಂದವಳು ಮಾರನೇ ದಿನವೇ ಬಸ್ಸು ಹತ್ತಿದೆ. ನೀವೆಲ್ಲ ಬೇಜಾರು ಮಾಡಿಕೊಂಡಿರಿ, ಗೊತ್ತು. ನನಗೆ ಮೀನಾಳ ಜೊತೆ ಕೂತು ಅತ್ತುಬಿಡಬೇಕು ಅನ್ನಿಸಿತ್ತು. ಹಾಸನ ಹಿಂದೆ ಸರಿಯುವಾಗ ನಿಮ್ಮನ್ನೆಲ್ಲ ಬಿಟ್ಟು ಹೊರಟಿದ್ದಕ್ಕೂ ಅತ್ತೆ.